ಚಂದ್ರ ನನ್ನ ಹಿಂದೆಯೇ ಯಾಕೆ ಬರುದು ಟೀಚರ್? ಒಂದನೇ ಕ್ಲಾಸಿನವರಿಗೆ ಎಂತ ಹೇಳುದು ಮಾರಾಯ್ರೆ

ಒಂದನೇಕ್ಲಾಸ್_ಟೀಚರ್
ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಒಂದು ಮತ್ತು ಎರಡನೇ ಕ್ಲಾಸಿಗೆ ಪಾಠ ಮಾಡುದು, ಎರಡೂ ಸೇರಿ 11 ಮಕ್ಕಳು. ಕಳೆದ ಸೋಮವಾರ ಒಬ್ಬಳು ಬಂದವಳೇ ಬ್ಯಾಗು ಸಹ ಇಳಿಸದೆ ಕೇಳಿದ್ಳು, ಟೀಚರ್ ನಿನ್ನೆ ನಾವು ಮುಳ್ಳೇರಿಯದಿಂದ ಬಸ್ಸಲ್ಲಿ ಬರುವಾಗ ಚಂದ್ರ ನಮ್ಮ ಒಟ್ಟಿಗೇ ಬಂದ, ಇಳಿದು ನೋಡಿದ್ರೆ ನಮ್ಮ ಮನೆಯ ಹತ್ರವೂ ಅವನೇ ನಿಂತಿದ್ದಾನೆ, ಯಾಕೆ ನನ್ನ ಹಿಂದೆಯೇ ಬರುದು ಅಂತ.

ನಾನು ಗಡಿಬಿಡಿಯಲ್ಲಿ ಹಾಜರಿ ಹಾಕ್ತಾ ಇದ್ದೆ, ಅವನು ತುಂಬ ದೂರ ಇದ್ದಾನಲ್ಲ ಮಗಾ ಹಾಗೆ ಕಾಣುದು ಅಂದೆ. ಅದಕ್ಕೆ ಅವಳು ಎಂತ ಹೇಳಿದ್ಳು ಗೊತ್ತುಂಟಾ? "ದೂರ ಇದ್ದವ ಒಟ್ಟಿಗೆ ಬರುದು ಹೇಗೆ, ಹತ್ರ ಇದ್ದವ ಅಲ್ವಾ ಒಟ್ಟಿಗೆ ಬರುದು." ನನ್ನ ಬಾಯಿ ಬಂದ್. ಅವಳು ಹೇಳಿದ್ದು ತಪ್ಪೂ ಅಲ್ಲ ನೋಡಿ.

ಗೋಡೆಯಲ್ಲಿ ಸೌರಮಂಡಲದ ಚಾರ್ಟ್ ಉಂಟು, ಹೋದ ವರ್ಷ ಥರ್ಮೊಕೋಲಿನಲ್ಲಿ ಗ್ರಹ ಮಾಡಿ ತೂಗಿಸಿದ್ದೂ ಉಂಟು. ಮಕ್ಕಳು ಬುಧ ಶುಕ್ರ ಭೂಮಿ ಮಂಗಳ ಅಂತ ಭಜನೆ ಹಾಗೆ ಹೇಳ್ತವೆ, ಅಕ್ಷರ ತಪ್ಪುದಿಲ್ಲ. ಭೂಮಿ ಎಲ್ಲಿ ಉಂಟು ಅಂತ ಕೇಳಿದ್ರೆ ಮೇಲೆ ತೂಗುವ ಥರ್ಮೊಕೋಲ್ ತೋರಿಸ್ತವೆ. ಕಾಲಡಿಗೆ ಒಂದೂ ತೋರಿಸುದಿಲ್ಲ! ಆವತ್ತಿನಿಂದ ಆ ಚಾರ್ಟ್ ನೋಡಿದ್ರೆ ನನಗೇ ನಾಚಿಕೆ ಆಗ್ತದೆ.

ಸಣ್ಣ ಮಕ್ಕಳಿಗೆ ಆಕಾಶದ ವಿಷಯ ಕಥೆಯಲ್ಲಿ ಆಟದಲ್ಲಿ ಹೇಳಿಕೊಟ್ಟು ಅನುಭವ ಇರುವವರು ಹೇಳಿ. ಯೂಟ್ಯೂಬ್ ಲಿಂಕ್ ಬೇಡ ಪ್ಲೀಸ್, ನೆಟ್ವರ್ಕ್ ಇಲ್ಲ, ನೀವೇ ಕೈಯಾರೆ ಮಾಡಿದ್ದು ಬೇಕು.

ಮುಳ್ಳೇರಿಯ_ಬಸ್ಸು
ಟೀಚರೇ ನಮ್ಮ ಬಸ್ಸಿನ ಹಿಂದೆ ಚಂದ್ರ ಬಂದದ್ದಕ್ಕೆ ಹಾಫ್ ಟಿಕೆಟ್ ತೆಗೆಸಿದ್ರಾ ಇಲ್ವಾ 😄

ಅಡಿಕೆ_ಅಂಗಳ
ನಾನು ಮಾಷ್ಟ್ರಲ್ಲ, ಕೃಷಿಕ. ಮಗನಿಗೆ ಮನೆಯಲ್ಲಿ ಮಾಡಿ ತೋರಿಸಿದ್ದು ಹೇಳ್ತೇನೆ, ಖರ್ಚು ಸೊನ್ನೆ.

ಸುಲಿದ ತೆಂಗಿನಕಾಯಿ ಒಂದು ಭೂಮಿ. ಸುಮಾರು 12 ಸೆಂಟಿಮೀಟರ್ ಅಗಲದ್ದು ಇರ್ಲಿ. ಚಂದ್ರನಿಗೆ ಅಡಿಕೆ. ಚಾಲಿ (ಒಣಗಿಸಿದ ಅಡಿಕೆ) ರಾಶಿಯಲ್ಲಿ ದೊಡ್ಡದು ನೋಡಿ ಆರಿಸಿ, 3 ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು, ಯಾಕಂದ್ರೆ ಚಂದ್ರ ನಮ್ಮ ಭೂಮಿಯ ಕಾಲಂಶಕ್ಕಿಂತ ಚೂರು ದೊಡ್ಡ. ಈಗ ಮಗನತ್ರ ತೆಂಗಿನಕಾಯಿ ಕೊಟ್ಟು ಅಡಿಕೆ ಎಲ್ಲಿ ಇಡ್ತೀಯಾ ಇಡು ಅಂದೆ. ಎಲ್ಲ ಮಕ್ಕಳೂ ಒಂದೇ ಗೇಣಿನಲ್ಲಿ ಇಡ್ತವೆ, ದೊಡ್ಡವರೂ ಹಾಗೆಯೇ, ನನ್ನ ಭಾವ ಇಂಜಿನಿಯರು ಅವನೂ ಹಾಗೇ ಇಟ್ಟ. ಚಾರ್ಟಿನಲ್ಲಿ ಹಾಗೆ ಉಂಟಲ್ಲ ಅದಕ್ಕೆ.

ಆಮೇಲೆ ಅಂಗಳದಲ್ಲಿ ತೆಂಗಿನಕಾಯಿ ಸಾಲು ಇಡ್ಲಿಕ್ಕೆ ಸುರು ಮಾಡಿದೆವು. ಒಂದು ಎರಡು ಮೂರು... ಹತ್ತಾಯ್ತು, ಹದಿನೈದಾಯ್ತು, ಇವನು ಸಾಕಾ ಸಾಕಾ ಅಂತ ಕೇಳುದು, ನಾನು ಇಡು ಇಡು ಅನ್ನುದು. 30 ತೆಂಗಿನಕಾಯಿ ಇಟ್ಟ ಮೇಲೆ ಅಡಿಕೆ. ತುಳಸಿಕಟ್ಟೆಯಿಂದ ಜಗಲಿಯ ಮೆಟ್ಲು ತನಕ ಬಂತು, ಹತ್ರ ಹತ್ರ 12 ಅಡಿ. ಚಂದ್ರ ಇರುದು 3,84,400 ಕಿಲೋಮೀಟರ್ ಆಚೆ ಅಂತ ಹೇಳಿದ್ರೆ ಆರು ವರ್ಷದ್ದಕ್ಕೆ ಎಂತ ಅರ್ಥ ಆಗ್ಬೇಕು, ಬೆನ್ನು ಬಗ್ಗಿಸಿ 30 ಕಾಯಿ ಇಟ್ರೆ ಆಗ್ತದೆ.

ಇನ್ನೊಂದು ಉಂಟು ಅದು ನನಗೇ ಖುಷಿ ಆದದ್ದು. ಸ್ಪೇಸ್ ಸ್ಟೇಷನ್ ಎಲ್ಲಿ ಇಡುದು ಅಂತ ಮಗ ಕೇಳಿದ. ಲೆಕ್ಕ ಹಾಕಿದೆ, ಅದು ಇರುದು ನೆಲದಿಂದ ಬರೇ 400 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ತೆಂಗಿನಕಾಯಿಯಲ್ಲಿ ನಾಲ್ಕು ಮಿಲಿಮೀಟರ್ ಸಹ ಇಲ್ಲ! ಕಾಯಿ ಸುಲಿದ ಮೇಲೆ ಮೈಗೆ ಅಂಟಿಕೊಂಡು ಒಂದೆರಡು ನಾರು ಎದ್ದು ನಿಂತಿರ್ತದಲ್ಲ, ಆ ನಾರಿನ ಎತ್ತರ ಅಷ್ಟೆ. ಶುಭಾಂಶು ಶುಕ್ಲಾ 2025ರಲ್ಲಿ ಹೋಗಿ ಇದ್ದು ಬಂದದ್ದು ಆ ನಾರಿನ ತುದಿಯಲ್ಲಿ. ಚಂದ್ರನಿಗೆ ಹೋದವರು ಜಗಲಿ ಮೆಟ್ಲು ತನಕ ಹೋದದ್ದು.

ಸೂರ್ಯ ಎಷ್ಟು ದೊಡ್ಡ ಅಂದ್ರೆ ಈ ಲೆಕ್ಕದಲ್ಲಿ 13 ಮೀಟರ್ ಅಗಲದ ಉಂಡೆ, ದೂರ 1.4 ಕಿಲೋಮೀಟರ್. ಅದನ್ನು ಇಡ್ಲಿಕ್ಕೆ ಆಗುದಿಲ್ಲ, ನಡೆದುಕೊಂಡು ಹೋಗಿ ಬಂದೆವು, ರೇಶನ್ ಅಂಗಡಿಯಿಂದಲೂ ಆಚೆ ಆಯ್ತು.

ಒಂದನೇಕ್ಲಾಸ್_ಟೀಚರ್
ನಾರು!! ಇದು ನಾಳೆಯೇ ಮಾಡ್ತೇನೆ. ಬಿಸಿಯೂಟದ ಅಡುಗೆಯವರತ್ರ ಕಾಯಿ ಕೇಳ್ಬೇಕು, 30 ಸಿಗ್ಲಿಕ್ಕಿಲ್ಲ. ಒಂದೇ ಕಾಯಿ ಉರುಳಿಸಿ ಉರುಳಿಸಿ ಅಳೆದ್ರೆ ಆಗ್ತದಲ್ವಾ?

ಅಡಿಕೆ_ಅಂಗಳ
ಉರುಳಿಸಿದ್ರೆ ತಪ್ಪುತ್ತದೆ ಟೀಚರ್, ಒಂದು ಸುತ್ತು ಉರುಳಿದ್ರೆ ಮೂರು ಕಾಯಿಯಷ್ಟು ಮುಂದೆ ಹೋಗ್ತದೆ. ಎತ್ತಿ ಎತ್ತಿ ಇಡಿ, ಗೆರೆ ಹಾಕ್ತಾ ಹೋಗಿ.

ನೇರ_ಮಾತು
ಅಳತೆ ಗಿಳತೆ ಎಲ್ಲ ಒಳ್ಳೆದೇ. ಆದ್ರೆ ಟೀಚರ್ ಕಥೆ ಅಂತ ಹಾಕಿದ್ದು ನೋಡಿ ನನಗೆ ಹೆದರಿಕೆ ಆದದ್ದು. ಚಂದಮಾಮ, ಅದರಲ್ಲಿ ಮೊಲ, ಗ್ರಹಣದಲ್ಲಿ ರಾಹು ನುಂಗುದು, ಇದೆಲ್ಲ ಮಗುವಿನ ತಲೆಗೆ ತುಂಬಿಸಿ ಮತ್ತೆ ಹತ್ತು ವರ್ಷ ಕಳೆದು ಅದನ್ನು ತೆಗಿಲಿಕ್ಕೆ ನಾವೇ ಒದ್ದಾಡುದು. ಸುರುವಿಗೇ ಸತ್ಯ ಹೇಳಿದ್ರೆ ಎಂತ ಕಷ್ಟ? ಮಕ್ಕಳು ದಡ್ಡರಲ್ಲ.

ಪೆರ್ಲದ_ಅಮ್ಮ
ಮಕ್ಕಳು ದಡ್ಡರಲ್ಲ ಅಂತ ನೀವೇ ಹೇಳ್ತೀರಿ, ಹಾಗಾದ್ರೆ ಕಥೆ ಯಾವುದು ಸತ್ಯ ಯಾವುದು ಅಂತ ಅವಕ್ಕೆ ಗೊತ್ತಾಗುದಿಲ್ವಾ? ನನ್ನ ಮಗಳಿಗೆ ಆಟದ ಅನ್ನ ಬಾಯಿಗೆ ಹಾಕ್ಬಾರ್ದು ಅಂತ ಎರಡು ವರ್ಷಕ್ಕೇ ಗೊತ್ತಿತ್ತು.

ಮೊಲದ ವಿಷಯ ಹೇಳ್ತೇನೆ ಕೇಳಿ. ನಮ್ಮ ಅತ್ತೆ ಪ್ರತಿ ಹುಣ್ಣಿಮೆಗೆ ಮಗಳನ್ನು ಅಂಗಳದಲ್ಲಿ ಕೂರಿಸಿ ಮೊಲ ತೋರಿಸ್ತಿದ್ರು. ಮಗಳಿಗೆ ಮೊಲ ಕಂಡದ್ದೇ ಇಲ್ಲ, ಅವಳಿಗೆ ಕಂಡದ್ದು ಗ್ರೈಂಡರ್. ಸರಿ ಗ್ರೈಂಡರೇ ಬರಿ ಅಂತ ಪುಸ್ತಕ ಕೊಟ್ಟೆ. ಮುಂದಿನ ಹುಣ್ಣಿಮೆಗೆ ಪುನಃ ಬರೆದ್ಳು, ಅದರ ಮುಂದಿನದ್ದಕ್ಕೂ. ಮೂರು ಚಿತ್ರ ಬದಿ ಬದಿಯಲ್ಲಿ ಇಟ್ಟಾಗ ಅವಳೇ ಹೇಳಿದ್ದು, ಅಮ್ಮ ಗ್ರೈಂಡರ್ ಯಾವಾಗ್ಲೂ ಇದೇ ಬದಿಯಲ್ಲಿ ಉಂಟು, ಚಂದ್ರ ಬೆನ್ನು ತೋರಿಸುದೇ ಇಲ್ವಾ?

ಆರು ವರ್ಷದ ಮಗು ಕೇಳಿದ ಪ್ರಶ್ನೆ ಇದು. ಚಂದ್ರನ ಬೆನ್ನು ಹೇಗುಂಟು ಅಂತ ಮನುಷ್ಯರು ಮೊದಲ ಸಲ ನೋಡಿದ್ದು 1959ರಲ್ಲಿ, ರಷ್ಯಾದವರ ಲೂನಾ 3 ಹಿಂದೆ ಹೋಗಿ ಫೋಟೋ ತೆಗೆದ ಮೇಲೆ. ಆ ಕಪ್ಪು ಕಲೆ ಎಲ್ಲ ಹಿಂದಿನ ಕಾಲದಲ್ಲಿ ಕರಗಿದ ಕಲ್ಲು ಹರಿದು ತಣಿದು ಆದ ಬಯಲು ಅಂತ ಆಮೇಲೆ ಹೇಳಿದೆ, ಅವಳು ಹೂಂ ಅಂದ್ಳು, ಈಗ್ಲೂ ಗ್ರೈಂಡರ್ ಅಂತಲೇ ಹೇಳುದು. ಅತ್ತೆಯ ಮೊಲ ಇಲ್ಲದಿದ್ರೆ ಅವಳು ಮುಖ ಎತ್ತಿ ಅಷ್ಟು ಹೊತ್ತು ನೋಡ್ತಾ ಇರ್ಲಿಲ್ಲ.

ನೇರ_ಮಾತು
ಗ್ರೈಂಡರ್ ಓಕೆ 😀 ರಾಹು ಓಕೆ ಅಲ್ಲ. 2019ರ ಡಿಸೆಂಬರ್ 26 ನೆನಪುಂಟಾ? ಇಡೀ ಇಂಡಿಯಾದಲ್ಲೇ ಸುರುವಿಗೆ ಕಂಕಣ ಗ್ರಹಣ ಕಂಡದ್ದು ನಮ್ಮ ಜಿಲ್ಲೆಯ ಚೆರ್ವತ್ತೂರಿನಲ್ಲಿ, ಎಲ್ಲೆಲ್ಲಿಂದ ಜನ ಬಂದಿದ್ರು ನೋಡ್ಲಿಕ್ಕೆ. ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆ ಹೊರಗೆ ಇಲ್ಲ, ಕಿಟಕಿಗೆ ಬೆಡ್‌ಶೀಟ್ ಬೇರೆ. ಬಾಗಿಲ ಎದುರೇ ಬಂದದ್ದನ್ನು ಮಕ್ಕಳಿಗೆ ತೋರಿಸದೆ ಒಳಗೆ ಕೂಡಿಹಾಕಿದ್ದು ಯಾರು, ಆ ಕಥೆಯೇ ಅಲ್ವಾ?

ಹೊಳೆಬದಿ_ಮಾಷ್ಟ್ರು
ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ರಿಟೈರ್ ಆದವ. ನೇರ ಮಾತಿನವರ ಸಿಟ್ಟು ನನಗೆ ಅರ್ಥ ಆಗ್ತದೆ, ಆವತ್ತು ನಮ್ಮಲ್ಲೂ ಹಾಗೇ. ಮನೆಯಲ್ಲಿ ಎಲ್ಲರೂ ಒಳಗೆ, ನಾನು ಮತ್ತು ನೆರೆಮನೆಯ ಎರಡು ಪುಳ್ಳಿಗಳು ಮಾತ್ರ ಹೊರಗೆ. ಫಿಲ್ಟರ್ ಕನ್ನಡಕ ಇದ್ದದ್ದು ಒಂದೇ. (ಎಕ್ಸ್‌ರೇ ಫಿಲ್ಮಿನಲ್ಲಿ ನೋಡುವವರು ಈಗ್ಲೂ ಇದ್ದಾರೆ, ದಯವಿಟ್ಟು ಬೇಡ, ಕಣ್ಣು ಹೋಗ್ತದೆ.) ಬೆಳಿಗ್ಗೆ ಒಂಬತ್ತೂಕಾಲು ದಾಟಿದ ಮೇಲೆ ಸಣ್ಣವ ಕೂಗಿದ, ಅಜ್ಜಾ ಕೆಳಗೆ ನೋಡಿ ಅಂತ. ಹಲಸಿನ ಮರದಡಿಯಲ್ಲಿ ನೆಲ ಪೂರ್ತಿ ಬಳೆ. ಎಲೆ ಎಲೆಯ ಸಂದಿನಿಂದ ಬಿದ್ದ ಬಿಸಿಲು ಒಂದೊಂದೂ ಒಂದೊಂದು ಉಂಗುರ, ಸಗಣಿ ಸಾರಿಸಿದ ಅಂಗಳದಲ್ಲಿ ಎಣಿಸ್ಲಿಕ್ಕೆ ಆಗದಷ್ಟು. ಮತ್ತೆ ನಾವು ಕಾಯಿಹಾಲು ಸೋಸುವ ತೂತಿನ ಪಾತ್ರೆ ತಂದು ಹಿಡಿದೆವು, ಅದರಲ್ಲೂ ಬಳೆ. ಒಳಗೆ ಕೂತ ಹೆಂಗಸರು ಕಿಟಕಿಯ ಬೆಡ್‌ಶೀಟ್ ಸರಿಸಿ ಅಂಗಳ ನೋಡಿದ್ದು ಆಗ. ಮೇಲೆ ನೋಡ್ಬಾರ್ದು ಅಂತಲ್ವಾ ಇದ್ದದ್ದು, ಕೆಳಗೆ ನೋಡ್ಲಿಕ್ಕೆ ಯಾರ ಅಡ್ಡಿಯೂ ಇಲ್ಲ!

ಆದ್ರೆ ರಾಹುವನ್ನು ಓಡಿಸ್ಬೇಕು ಅಂತ ನನಗೆ ಅನಿಸುದಿಲ್ಲ. ನಾನು ಐದನೇ ಕ್ಲಾಸಿನವರಿಗೆ ಎರಡು ಬಳೆ ಹಿಡಿದು ತೋರಿಸ್ತಿದ್ದೆ, ದೊಡ್ಡದೊಂದು ಸಣ್ಣದೊಂದು. ದೊಡ್ಡದು ಆಕಾಶದಲ್ಲಿ ಸೂರ್ಯ ನಡೆಯುವ ದಾರಿ, ಸಣ್ಣದು ಚಂದ್ರನ ದಾರಿ. ಎರಡೂ ಒಂದೇ ಮಟ್ಟದಲ್ಲಿ ಇದ್ರೆ ಪ್ರತಿ ಅಮಾವಾಸ್ಯೆಗೂ ಗ್ರಹಣ ಆಗ್ಬೇಕಿತ್ತು. ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ. ಓರೆ ಹಿಡಿದ್ರೆ ಎರಡು ದಾರಿ ಎರಡೇ ಕಡೆ ಅಡ್ಡ ಹಾಯ್ತವೆ. ಆ ಎರಡು ಜಾಗಕ್ಕೆ ನಮ್ಮ ಪಂಚಾಂಗದವರು ಇಟ್ಟ ಹೆಸರು ರಾಹು ಕೇತು. ಅಲ್ಲಿ ಇಬ್ಬರೂ ಸಿಕ್ಕಿಬಿದ್ರೆ ಮಾತ್ರ ಗ್ರಹಣ. ಮಕ್ಕಳಿಗೆ ಮೊದಲು ಹಾವಿನ ಕಥೆ ಹೇಳಿ, ಆಮೇಲೆ ಬಳೆ ಕೊಟ್ಟು ಹಾವು ಎಲ್ಲಿ ಅಡಗಿದೆ ಹುಡುಕಿ ಅಂತ ಬಿಡುದು. ಹುಡುಕ್ತಾರೆ. ಒಂದು ಹುಡುಗ ಹೇಳಿದ, ಸಾರ್ ರಾಹು ಅಂದ್ರೆ ನಮ್ಮ ಸೀತಾಂಗೋಳಿ ಜಂಕ್ಷನ್ ಹಾಗೆ.

2031ರ ಮೇ 21ಕ್ಕೆ ಕೇರಳದ ತೆಂಕು ಭಾಗದಲ್ಲಿ ಇನ್ನೊಂದು ಕಂಕಣ ಉಂಟು, ನಮಗೆ ಇಲ್ಲಿ ಪಾರ್ಶ್ವ. ಟೀಚರ ಮಕ್ಕಳು ಆಗ ಹೈಸ್ಕೂಲಿನ ಹತ್ತಿರ ಬಂದಿರ್ತಾರೆ. ತೂತಿನ ಪಾತ್ರೆ ಮನೆ ಮನೆಯಲ್ಲಿ ಉಂಟಲ್ಲ.

ನೇರ_ಮಾತು
ಸೀತಾಂಗೋಳಿ ಜಂಕ್ಷನ್ 😂 ಸರಿ ಮಾಷ್ಟ್ರೇ, ಇದು ಒಪ್ಪಿದೆ. ಹೀಗೆ ಹೇಳಿಕೊಡುವವರು ನೂರಕ್ಕೆ ಎಷ್ಟು ಜನ ಅಂತ ಕೇಳುದಿಲ್ಲ.

ಗೆರಟೆ_ದೋಣಿ
ನನ್ನದು ಫೇಲ್ ಕಥೆ. ಚಂದ್ರನ ಗುಂಡಿ ಮಾಡುವ ಆಟ ಅಂತ ಎಲ್ಲೋ ನೋಡಿ ಟ್ರೇಯಲ್ಲಿ ಅಕ್ಕಿ ಹುಡಿ ಹಾಸಿ, ಮೇಲೆ ಮುರಕಲ್ಲಿನ ಕೆಂಪು ಹುಡಿ ತೆಳ್ಳಗೆ ಉದುರಿಸಿ, ಎತ್ತರದಿಂದ ಕಲ್ಲು ಬಿಡುದು. ಬಿದ್ದ ಜಾಗದಲ್ಲಿ ಗುಂಡಿ ಆಗಿ ಕೆಂಪಿನ ಮೇಲೆ ಬಿಳಿ ಹುಡಿ ಸುತ್ತ ಕಿರಣ ಹಾಗೆ ಹಾರ್ತದೆ, ಪಕ್ಕಾ ಚಂದ್ರನದ್ದೇ ನಮೂನೆ, ಅಷ್ಟು ಚಂದ. ಕಲ್ಲು ಸಣ್ಣದಾದ್ರೂ ಎತ್ತರದಿಂದ ಬಿಟ್ರೆ ಗುಂಡಿ ದೊಡ್ಡ ಅಂತ ಮಕ್ಕಳೇ ಕಂಡು ಹಿಡಿದ್ರು. ಫೇಲ್ ಎಲ್ಲಿ ಅಂದ್ರೆ ನಾನು ಟ್ರೇ ರಾತ್ರಿ ಜಗಲಿಯಲ್ಲೇ ಬಿಟ್ಟೆ, ಬೆಳಿಗ್ಗೆ ಚಂದ್ರನ ಮೇಲೆ ಇರುವೆಗಳ ಜಾತ್ರೆ. ಮಗ ಸ್ಕೂಲಿಗೆ ಹೋಗಿ ಚಂದ್ರನಲ್ಲಿ ಜೀವಿ ಸಿಕ್ಕಿತು ಅಂತ ಹೇಳಿ ಬಂದಿದ್ದಾನೆ.

ಮತ್ತೆ ಒಂದು ಎಚ್ಚರಿಕೆ, ಆನ್‌ಲೈನಿನಲ್ಲಿ ಮಕ್ಕಳ ಟೆಲಿಸ್ಕೋಪ್ ಅಂತ ಮೂರು ಸಾವಿರ ಕೊಟ್ಟು ತರಿಸಿದೆ, ಸ್ಟ್ಯಾಂಡ್ ನಡುಗಿ ನಡುಗಿ ಚಂದ್ರ ಒಂದು ಸೆಕೆಂಡ್ ನಿಲ್ಲುದಿಲ್ಲ. ಈಗ ಅದರಲ್ಲಿ ತೋಟಕ್ಕೆ ಮಂಗ ಬಂತಾ ನೋಡುದು.

ಹೊಳೆಬದಿ_ಮಾಷ್ಟ್ರು
ಆ ದುಡ್ಡಿಗೆ ಬೈನಾಕ್ಯುಲರ್ ತೆಗಿಬಹುದಿತ್ತು. 10x50 ಅಂತ ಬರ್ತದೆ, ಕಂಬಕ್ಕೆ ಒರಗಿ ಕೈ ಅಲುಗದ ಹಾಗೆ ಹಿಡಿದ್ರೆ ಚಂದ್ರನ ಗುಂಡಿ ಮಾತ್ರ ಅಲ್ಲ, ಗುರುವಿನ ಪಕ್ಕದ ನಾಲ್ಕು ಚಂದ್ರರು ಸಹ ಚುಕ್ಕಿ ಹಾಗೆ ಕಾಣ್ತಾರೆ, 1610ರಲ್ಲಿ ಗೆಲಿಲಿಯೋ ನೋಡಿದ್ದು ಅವರನ್ನೇ. ಸಣ್ಣ ಮಕ್ಕಳಿಗೆ ಅದೂ ಬೇಡ ಸುರುವಿಗೆ. ಕೈ ಚಾಚಿ ಕಿರುಬೆರಳಿನ ಉಗುರಿನಿಂದ ಚಂದ್ರನನ್ನು ಮುಚ್ಚಲಿಕ್ಕೆ ಹೇಳಿ. ಮುಚ್ಚಿ ಹೋಗ್ತಾನೆ. ಗುಡ್ಡೆಯ ಅಂಚಿನಿಂದ ಬರುವ ದೊಡ್ಡ ಹುಣ್ಣಿಮೆ ಚಂದ್ರನೂ ಅದೇ ಉಗುರಿಗೆ ಮುಚ್ಚುತ್ತಾನೆ, ದೊಡ್ಡ ಆಗಿರುದು ನಮ್ಮ ಕಣ್ಣಿಗೆ ಮಾತ್ರ.

ಕಡಪ್ಪುರ_ಹುಡುಗ
ನಾವು ಸಮುದ್ರದ ಬದಿಯವರು. ಇಲ್ಲಿ ಎಲ್ಲರೂ ಮೇಲೆ ನೋಡಿ ಹೇಳ್ತಾ ಇದ್ದೀರಿ, ನಮ್ಮಲ್ಲಿ ಚಂದ್ರನನ್ನು ನೋಡುದು ನೀರಲ್ಲಿ. ನನ್ನ ಅಪ್ಪ ನಾಲ್ಕನೇ ಕ್ಲಾಸು, ಆದ್ರೆ ಇವತ್ತು ಏರು ನೀರು ಎಷ್ಟು ಗಂಟೆಗೆ ಅಂತ ಕೇಳಿದ್ರೆ ಸಾಕು, ನಾಳೆಯದ್ದು ಮುಕ್ಕಾಲು ಒಂದು ಗಂಟೆ ತಡ ಅಂತ ಹೇಳ್ತಾರೆ, ಚಂದ್ರ ಸಹ ದಿನಾ ಅಷ್ಟೇ ತಡ ಮಾಡಿ ಬರುದಲ್ವಾ. ಅಮಾವಾಸ್ಯೆ ಹುಣ್ಣಿಮೆ ಕಳೆದು ನೀರು ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ.

ನಾನು ತಂಗಿಯ ಮಗನಿಗೆ ಮಾಡಿಸಿದ್ದು ಇಷ್ಟೇ, ಮರಳಿನಲ್ಲಿ ನೀರು ಬಂದು ನಿಂತ ಕಡೆ ದಿನಾ ಒಂದು ಕೋಲು ಊರುದು. ಹದಿನೈದು ದಿವಸದಲ್ಲಿ ಕೋಲಿನ ಸಾಲು ಮುಂದೆ ಬಂದು ಹಿಂದೆ ಹೋಗಿ ಅಲೆ ಹಾಗೇ ಆಯ್ತು. (ಎರಡು ಕೋಲು ನಾಯಿ ಎಳೆದುಕೊಂಡು ಹೋಯ್ತು, ಮೂರನೆಯದ್ದು ಚಾಯದ ಅಂಗಡಿಯವ ಒಲೆಗೆ ಹಾಕಿದ.) ಗ್ರಾವಿಟಿ ಗುರುತ್ವಾಕರ್ಷಣೆ ಅಂತ ಶಬ್ದ ಹೇಳ್ಲೇ ಇಲ್ಲ. ಚಂದ್ರ ಎಳಿತಾನೆ ಅಂದೆ. ಎಷ್ಟು ದೂರದಿಂದ ಅಂತ ಕೇಳಿದ. ಅಡಿಕೆ ಅಂಗಳದವರ 30 ಕಾಯಿ ಈಗ ಹೇಳ್ತೇನೆ ಅವನಿಗೆ.

ಒಂದನೇಕ್ಲಾಸ್_ಟೀಚರ್
ಶಬ್ದದ ವಿಷಯ ಬಂತಲ್ಲ, ಅದೇ ನನ್ನ ದೊಡ್ಡ ತಲೆಬೇನೆ. ನನ್ನ 11 ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುದು ನಾಲ್ಕು, ನಾಲ್ಕು ತುಳು, ಎರಡು ಮಲೆಯಾಳ, ಒಂದು ಮರಾಟಿ. ಪರಿಭ್ರಮಣೆ, ಆವರ್ತನೆ, ಉಪಗ್ರಹ ಅಂತ ಬರೆದ್ರೆ ಯಾರ ಮನೆಯಲ್ಲೂ ಇಲ್ಲದ ಭಾಷೆ ಅದು. ತಾನೇ ತಿರುಗುದು, ಸುತ್ತು ಬರುದು ಅಂತ ನಾನು ಹೇಳುದು. ದೇವಸ್ಥಾನದಲ್ಲಿ ನಾವು ನಿಂತಲ್ಲೇ ಒಂದು ಸುತ್ತು ತಿರುಗಿ ಕೈ ಮುಗಿತೇವಲ್ಲ ಅದು ಒಂದು, ಅಂಗಣಕ್ಕೆ ಸುತ್ತು ಬರುದು ಇನ್ನೊಂದು. ಎರಡೂ ಒಟ್ಟಿಗೆ ಮಾಡ್ತಾ ಹೋಗು ಅಂದ್ರೆ ಭೂಮಿ ಆಯ್ತು, ತಲೆ ತಿರುಗಿ ಬೀಳ್ತವೆ ಅದು ಬೇರೆ.

ಭಾಷೆಯಿಂದ ಒಂದು ಒಳ್ಳೆದೂ ಆಯ್ತು. ಚಂದ್ರನಿಗೆ ಮನೆಯಲ್ಲಿ ಎಂತ ಹೇಳ್ತೀರಿ ಅಂತ ಕೇಳಿದ್ದಕ್ಕೆ ಒಬ್ಬ ಚಂದಮಾಮ ಅಂದ, ಮಲೆಯಾಳದವಳು ಅಂಬಿಳಿ ಅಮ್ಮಾವನ್ ಅಂದ್ಳು, ಅದೂ ಸೋದರಮಾವನೇ! ತುಳುವಿನವ ತಿಂಗೊಳು ಅಂದ. ಅಷ್ಟೊತ್ತಿಗೆ ಹಿಂದಿನಿಂದ ಒಂದು ಸ್ವರ, ತಿಂಗಳು ಅಂದ್ರೆ ಕ್ಯಾಲೆಂಡರಿನಲ್ಲಿ ಇರುದಲ್ವಾ ಟೀಚರ್? ಆಹಾ. ಮತ್ತೆ ನಾನು ಎಂತ ಪಾಠ ಮಾಡುದು, ಪಾಠ ಅವರೇ ಮಾಡಿ ಮುಗಿಸಿದ್ರು. ತಿಂಗಳ ಬೆಳಕು ಅಂತ ನಾವೇ ಹೇಳ್ತೇವೆ, ಚಂದ್ರನ ಒಂದು ಸುತ್ತಿಗೇ ತಿಂಗಳು ಅಂತ ಹೆಸರು ಬಂದದ್ದು ನನಗೆ ಇಷ್ಟು ವರ್ಷ ಹೊಳೆದದ್ದಿಲ್ಲ.

ಹಗಲು ರಾತ್ರಿಗೆ ಮಾಡಿದ್ದು: ಕಿಟಕಿ ಮುಚ್ಚಿ ಮೇಜಿನ ಮೇಲೆ ಒಂದು ಬಲ್ಬು. ಮಗುವಿನ ತಲೆ ಭೂಮಿ, ಮೂಗು ಕಾಸರಗೋಡು. ಎಡಕೈ ಚಾಚಿದ್ದು ಮೂಡು, ಬಲಕೈ ಪಡು. ಎಡಕ್ಕೆ ನಿಧಾನ ತಿರುಗು ಅಂದೆ. ಬೆನ್ನು ಬಲ್ಬಿಗೆ ಇರುವಾಗ ರಾತ್ರಿ, ಮತ್ತೆ ಎಡಕೈಯ ಕಡೆಯಿಂದ ಬೆಳಕು ಬರ್ತದೆ, ಮೂಗಿನ ಎದುರು ಬಂದಾಗ ಮಧ್ಯಾಹ್ನ, ಬಲಕೈಯಲ್ಲಿ ಮುಳುಗ್ತದೆ. ಬಲ್ಬು ಅಲುಗ್ಲೇ ಇಲ್ಲ! ಪಡು ಕಡೆ ಎಂತ ಉಂಟು ಕೇಳಿದೆ, ಸಮುದ್ರ ಅಂತ ಕೂಗಿದ್ರು. ಕೆನ್ನೆಯಲ್ಲಿ ಒಬ್ಬ ಚಿಕ್ಕಪ್ಪನ ದುಬೈ ಗುರ್ತು ಮಾಡಿಸಿಕೊಂಡ, ಅಲ್ಲಿ ಇನ್ನೂ ಬೆಳಗಾಗ್ಲಿಲ್ಲ ಅಂತ ಖುಷಿ.

ಪೆರ್ಲದ_ಅಮ್ಮ
ಟೀಚರ್ ಒಂದು ಕೇಳ್ಲಿಕ್ಕಿತ್ತು, ಇದು ಬೇರೆ ನಮೂನೆಯದ್ದು. ಮಗಳಿಗೆ ಲೈಕಾ ನಾಯಿಯ ಕಥೆ ಹೇಳಿದೆ, 1957ರಲ್ಲಿ ಬಾಹ್ಯಾಕಾಶಕ್ಕೆ ಹೋದದ್ದು ಅಂತ. ವಾಪಸ್ ಯಾವಾಗ ಬಂತು ಅಂತ ಕೇಳಿದ್ಳು. ನಾನು ಬಾಯಿ ತಪ್ಪಿ ಬರ್ಲಿಲ್ಲ ಅಂದೆ. ಆ ರಾತ್ರಿ ಊಟ ಇಲ್ಲ, ನಮ್ಮ ನಾಯಿಯನ್ನು ಅಪ್ಪಿಕೊಂಡು ಜಗಲಿಯಲ್ಲೇ ಕೂತಿದ್ದಾಳೆ. ಈಗ ರಾಕೆಟ್ ಅಂದ್ರೇ ಸಿಟ್ಟು. ಸುಳ್ಳು ಹೇಳ್ಬೇಕಿತ್ತಾ?

ನೇರ_ಮಾತು
ಇಲ್ಲ. ಸುಳ್ಳು ಹೇಳ್ಬೇಡಿ ಅಂತ ನಾನು ಹೇಳುದು ಗೊತ್ತೇ ಉಂಟು. ಆದ್ರೆ ಕಥೆಯನ್ನು ಅಲ್ಲಿಗೆ ನಿಲ್ಲಿಸ್ಬೇಡಿ. ಅದನ್ನು ಕಳಿಸುವಾಗ ವಾಪಸ್ ತರುವ ಉಪಾಯ ಅವರಿಗೆ ಗೊತ್ತಿರ್ಲಿಲ್ಲ. ಮೂರು ವರ್ಷ ಕಳೆದು 1960ರ ಆಗಸ್ಟಿನಲ್ಲಿ ಬೆಲ್ಕಾ ಮತ್ತು ಸ್ಟ್ರೆಲ್ಕಾ ಅಂತ ಎರಡು ನಾಯಿ ಹೋಗಿ ಮಾರನೇ ದಿವಸ ಸುರಕ್ಷಿತ ಇಳಿದವು. ಸ್ಟ್ರೆಲ್ಕಾ ಆಮೇಲೆ ಆರು ಮರಿ ಹಾಕ್ತು, ಒಂದು ಮರಿಯನ್ನು ಅಮೆರಿಕದ ಅಧ್ಯಕ್ಷ ಕೆನಡಿಯ ಮನೆಗೆ ಕೊಟ್ಟದ್ದು. ಇದು ಕಥೆ ಅಲ್ಲ, ನಡೆದದ್ದು. ಆರು ಮರಿಯ ವಿಷಯ ಹೇಳಿ ನೋಡಿ.

ಪೆರ್ಲದ_ಅಮ್ಮ
ಕಥೆ ಬೇಡ ಅಂದವರೇ ಎಷ್ಟು ಚಂದ ಕಥೆ ಹೇಳಿದ್ರಿ ನೋಡಿ 🙏 ಹೇಳಿದೆ. ಮರಿಗಳ ಹೆಸರು ಕೇಳ್ತಾ ಇದ್ದಾಳೆ. ಲೈಕಾನ ಸಿಟ್ಟು ಹೋಗ್ಲಿಲ್ಲ, ಹೋಗುದೂ ಬೇಡ ಅಂತ ನನಗೆ.

ಮುಳ್ಳೇರಿಯ_ಬಸ್ಸು
ಇಷ್ಟೆಲ್ಲ ಮಾತಾಡ್ತೀರಿ, ಮೊದಲು ಕನ್ನಡ ಶಾಲೆಗಳಿಗೆ ಕನ್ನಡ ಗೊತ್ತಿರುವ ಟೀಚರನ್ನು ಹಾಕ್ಲಿಕ್ಕೆ ಹೇಳಿ. ನನ್ನ ಅಣ್ಣನ ಮಗನಿಗೆ ಒಂದು ವರ್ಷ ವಿಜ್ಞಾನ ಹೇಳಿದ್ದು ಯಾವ ಭಾಷೆಯಲ್ಲಿ ಅಂತ ಅವನಿಗೇ ಗೊತ್ತಿಲ್ಲ.

ಒಂದನೇಕ್ಲಾಸ್_ಟೀಚರ್
ಅದು ಸತ್ಯ, ನೋವಿನ ವಿಷಯ, ಅದಕ್ಕೇ ಬೇರೆ ಚರ್ಚೆ ಬೇಕು. ಇಲ್ಲಿ ಈಗ ಚಂದ್ರನನ್ನು ಬಿಡ್ಬೇಡಿ.

ತಾಳವಾಡಿ_ತಂಗಾಳಿ
ನಾವು ತಮಿಳುನಾಡು ಕಡೆ ತಾಳವಾಡಿಯೋರು, ನಮ್ಮ ಮಕ್ಕಳ ಕತೇನೂ ಇದೇ ಕಣ್ರಿ, ಮನೇಲಿ ಕನ್ನಡ ಹೊರಗಡೆ ತಮಿಳು. ಆದ್ರೆ ನಮ್ಗೆ ಒಂದು ಐಶ್ವರ್ಯ ಇದೆ, ಕತ್ಲು. ಕರೆಂಟು ಹೋಯ್ತು ಅಂದ್ರೆ ಕೈ ಚಾಚಿದ್ರೆ ನಕ್ಷತ್ರ ಸಿಗ್ತವೆ ಅನ್ನೋ ಥರ. ಕೃತ್ತಿಕೇಲಿ ಎಷ್ಟು ಕಾಣುತ್ತೆ ಎಣಿಸ್ರೋ ಅಂತ ಹುಡುಗರಿಗೆ ಪಂದ್ಯ ಕಟ್ಟೋದು, ಆರು ಅಂತಾರೆ, ಏಳು ಅಂತಾರೆ, ಒಬ್ಬ ಹನ್ನೊಂದು ಅಂದ, ಸುಳ್ಳ ಅಂತ ಬೈದ್ವಿ. ಮಾಷ್ಟ್ರು ಹೇಳ್ದಂಗೆ ಬೈನಾಕ್ಯುಲರ್ ತಂದು ನೋಡಿದ್ರೆ ಅಲ್ಲಿ ಹನ್ನೊಂದಲ್ಲ ಎಣಿಸೋಕೇ ಆಗಲ್ಲ. ಪಾಪ ಹುಡುಗನ ಕಣ್ಣು ಚೆನ್ನಾಗಿತ್ತು ಅಷ್ಟೆ.

ಅಡಿಕೆ_ಅಂಗಳ
ನಕ್ಷತ್ರ ಅಂದಾಗ ನೆನಪಾಯ್ತು. ನಮ್ಮಲ್ಲಿ ಮಳೆಗೆ ಇಡುದು ನಕ್ಷತ್ರದ ಹೆಸರೇ ಅಲ್ವಾ, ರೋಹಿಣಿ ಮೃಗಶಿರ ಆರಿದ್ರಾ ಪುನರ್ವಸು. ಮಲೆಯಾಳದವರು ಞಾಟುವೇಲ ಅಂತಾರೆ. ಜೂನ್ 22ರ ಹೊತ್ತಿಗೆ ಆರಿದ್ರಾ ಹಿಡಿತದೆ. ಮಗ ಕೇಳಿದ, ಆ ನಕ್ಷತ್ರ ತೋರಿಸಿ ಅಂತ. ಮೋಡ, ಕಾಣುದಿಲ್ಲ ಅಂದೆ. ಮತ್ತೆ ನನಗೇ ಸಂಶಯ ಬಂದು ಮಾಷ್ಟ್ರಲ್ಲಿ ಕೇಳಿದ್ರೆ, ಮೋಡ ಇಲ್ಲದಿದ್ರೂ ಕಾಣುದಿಲ್ಲವಂತೆ! ಸೂರ್ಯ ಅದರ ಎದುರಿಗೆ ಬಂದು ನಿಂತಾಗಲೇ ಅದಕ್ಕೆ ಆರಿದ್ರಾ ಮಳೆ ಅನ್ನುದು. ನಕ್ಷತ್ರ ಹಗಲಿನಲ್ಲಿ ಸೂರ್ಯನ ಒಟ್ಟಿಗೇ ಮೂಡಿ ಒಟ್ಟಿಗೇ ಮುಳುಗ್ತದೆ. ನೋಡ್ಬೇಕಾದ್ರೆ ಆರು ತಿಂಗಳು ಕಾಯ್ಬೇಕು, ಡಿಸೆಂಬರ್ ಜನವರಿಯಲ್ಲಿ ಕೇರಳದವರ ತಿರುವಾದಿರ ಬರ್ತದಲ್ಲ ಆಗ ರಾತ್ರಿಯಿಡೀ ಕೆಂಪು ಚುಕ್ಕಿಯಾಗಿ ಕಾಣ್ತದೆ.

27 ಗೆರಟೆ ವೃತ್ತಕ್ಕೆ ಇಟ್ಟೆವು, ಒಂದೊಂದರಲ್ಲಿ ಒಂದೊಂದು ಹೆಸರು ಬರೆದು. ನಡುವಿಗೆ ದೀಪ. ಮಗ ಭೂಮಿ, ದೀಪಕ್ಕೂ ಗೆರಟೆಗೂ ನಡುವೆ ಸುತ್ತು ಬರುದು, ದೀಪದ ಹಿಂದೆ ಯಾವ ಗೆರಟೆ ಕಾಣ್ತದೋ ಆ ಮಳೆ. ಒಂದು ಗೆರಟೆಗೆ ಹದಿಮೂರು ಹದಿನಾಲ್ಕು ದಿವಸ. ನನ್ನ ಅಪ್ಪ ಜಗಲಿಯಲ್ಲಿ ಕೂತು ನೋಡ್ತಾ ಇದ್ದವರು ಎದ್ದು ಬಂದು ಒಂದು ಸುತ್ತು ಹೋದ್ರು. ಎಂಬತ್ತು ವರ್ಷದಿಂದ ಹೆಸರು ಹೇಳ್ತಾ ಇದ್ದೇನೆ, ಇದು ಹೀಗೆ ಅಂತ ಈಗ ಗೊತ್ತಾದದ್ದು ಅಂದ್ರು.

ಒಂದನೇಕ್ಲಾಸ್_ಟೀಚರ್
ಹತ್ತು ದಿವಸ ಕಳೆದು ಬಂದೆ, ತಡ ಆಯ್ತು ಕ್ಷಮಿಸಿ.

ತೆಂಗಿನಕಾಯಿ ಮಾಡಿದೆವು. ಗುಂಡಿ ಮಾಡಿದೆವು, ಇರುವೆ ಬರುವ ಮೊದಲು ಕೋಳಿ ಬಂತು. ಚಂದ್ರಯಾನ 3ರ ಕಥೆ ಹೇಳಿದೆ, 2023ರ ಆಗಸ್ಟ್ 23ರ ಸಂಜೆ ವಿಕ್ರಮ್ ಇಳಿದದ್ದು, ಒಳಗಿನಿಂದ ಆರು ಚಕ್ರದ ಪ್ರಜ್ಞಾನ್ ಇಳಿದು ತಿರುಗಿದ್ದು, ಅಲ್ಲಿ ಹಗಲು ಅಂದ್ರೆ ನಮ್ಮ 14 ದಿವಸ, ರಾತ್ರಿ ಬಂದಾಗ ಅದನ್ನು ಮಲಗಿಸಿದ್ದು, ಮತ್ತೆ ಎಬ್ಬಿಸ್ಲಿಕ್ಕೆ ಕರೆದಾಗ ಏಳದ್ದು. ಲೈಕಾ ಕೇಳಿದ ಮೇಲೆ ಹೆದರಿಕೊಂಡೇ ಹೇಳಿದ್ದು. ಯಾರೂ ಅಳ್ಲಿಲ್ಲ. ಮಾರನೇ ದಿವಸ ನೋಡಿದ್ರೆ ನಾವು ರಟ್ಟಿನಲ್ಲಿ ಮಾಡಿದ ಪ್ರಜ್ಞಾನಿನ ಮೇಲೆ ಯಾರೋ ಬೈರಾಸು ಹೊದಿಸಿದ್ದಾರೆ. ಚಳಿ ಅಂತೆ.

ಈಗ ಬಸ್ಸಿನ ಚಂದ್ರ. ಶುಕ್ರವಾರ ಶಾಲೆಯಲ್ಲಿ ವಾರ್ಷಿಕೋತ್ಸವ, ಸಂಜೆ ಏಳೂವರೆ, ತೆಂಗಿನ ತಲೆಯ ಮೇಲೆ ಅಷ್ಟಮಿಯ ಅರ್ಧ ಚಂದ್ರ. ಸ್ಟೇಜಿನಲ್ಲಿ ಭಾಷಣ ನಡಿತಾ ಇತ್ತು, ನಾನು ಮೆಲ್ಲ ಮೂವರನ್ನು ಮೈದಾನಕ್ಕೆ ಕರ್ಕೊಂಡು ಹೋದೆ. ಆ ಹುಡುಗಿ ತೆಂಕಿಗೆ ನಡಿಬೇಕು, ಇನ್ನೊಬ್ಬ ಬಡಗಿಗೆ, ಇಬ್ಬರೂ ಚಂದ್ರನನ್ನೇ ನೋಡ್ತಾ. ಮೂರನೆಯವಳು ನಡುವಿನಲ್ಲಿ ಅಲುಗದೆ ನಿಂತು ಸಾಕ್ಷಿ.

ಇಬ್ಬರೂ ಓಡಿ ಬಂದ್ರು. ನನ್ನ ಒಟ್ಟಿಗೆ ಬಂದ. ಇಲ್ಲ ನನ್ನ ಒಟ್ಟಿಗೆ ಬಂದ. ಎರಡು ಕಡೆಗೂ ಹೇಗೆ ಹೋದ ಅಂತ ನಾನು ಕೇಳಿದೆ. ಹುಡುಗ ಸ್ವಲ್ಪ ಆಲೋಚನೆ ಮಾಡಿ ಹೇಳಿದ, "ಎರಡು ಚಂದ್ರ ಉಂಟು ಟೀಚರ್." ಹೋಯ್ತಾ! ಸಾಕ್ಷಿ ಹೇಳಿದ್ಳು, ಒಂದೇ ಉಂಟು, ಎಲ್ಲಿಗೂ ಹೋಗ್ಲಿಲ್ಲ, ಆ ತೆಂಗಿನ ಮರದ ಮೇಲೆಯೇ ಇತ್ತು, ನಾನು ನೋಡ್ತಾ ಇದ್ದೆ. ಇವಳು ಸುಳ್ಳು ಹೇಳುದು ಅಂತ ಇಬ್ಬರೂ ಸೇರಿ ಅವಳ ಮೇಲೆ. ಸರಿ ಜಾಗ ಬದಲು ಮಾಡಿ ಅಂದೆ. ಬಸ್ಸಿನ ಹುಡುಗಿ ನಡುವಿಗೆ ಬಂದು ನಿಂತ್ಳು, ಸಾಕ್ಷಿ ಓಡಿದ್ಳು. ಓಡಿದವಳು ಅಲ್ಲಿಂದಲೇ ಬೊಬ್ಬೆ, ಬಂತು ಬಂತು ನನ್ನ ಒಟ್ಟಿಗೂ ಬಂತು! ನಡುವಿನಲ್ಲಿ ನಿಂತವಳು ಒಮ್ಮೆ ಅವಳನ್ನು ನೋಡಿದ್ಳು, ಒಮ್ಮೆ ಮೇಲೆ ನೋಡಿದ್ಳು, ಪುನಃ ಅವಳನ್ನು. ನಾನು ಒಂದು ಶಬ್ದ ಮಾತಾಡ್ಲಿಲ್ಲ, ಬಾಯಿ ತುರಿಸ್ತಾ ಇತ್ತು.

"ಟೀಚರ್, ಹೋಗುದು ಮರ," ಅಂದ್ಳು. "ಮರ ಹಿಂದೆ ಹಿಂದೆ ಹೋಗುದು. ಚಂದ್ರ ಹೋಗುದಿಲ್ಲ, ಹಾಗೆ ಬಂದ ಹಾಗೆ ಕಾಣುದು." ಹುಡುಗ ಒಪ್ಪಲಿಲ್ಲ. ಅವನಿಗೆ ಈಗ್ಲೂ ಎರಡು ಚಂದ್ರ.

ಮಾಷ್ಟ್ರೇ, ಆ ಹುಡುಗನಿಗೋಸ್ಕರ ಭಾನುವಾರ ಸಂಜೆ ನಿಮ್ಮಲ್ಲಿಗೆ ಬರ್ಬಹುದಾ? ಎರಡು ರಿಕ್ಷಾ ಮಾಡ್ತೇವೆ, ಒಂಬತ್ತು ಮಕ್ಕಳು ಬರ್ತವೆ, ಇಬ್ಬರಿಗೆ ಜ್ವರ. ಬೈನಾಕ್ಯುಲರ್ ತೆಗೆದಿಡಿ.

ಹೊಳೆಬದಿ_ಮಾಷ್ಟ್ರು
ಬನ್ನಿ. ರಸ್ತೆ ಕೊನೆಯದ್ದು ಕಚ್ಚಾ, ರಿಕ್ಷಾದವನತ್ರ ಮೊದಲೇ ಹೇಳಿ. ಅವಲು ಬಾಳೆಹಣ್ಣು ಉಂಟು. ಎರಡು ಚಂದ್ರದವನನ್ನು ನನ್ನ ಹತ್ರ ಕೂರಿಸಿ.

ಮುಳ್ಳೇರಿಯ_ಬಸ್ಸು
ರಿಕ್ಷಾ ಯಾಕೆ, ಐದೂವರೆಯ ಬಸ್ಸು ಉಂಟಲ್ಲ. ಹೋಗುವಾಗ ಬರುವಾಗ ಎರಡು ಸಲ ನೋಡ್ಬಹುದು.